ನೆಟ್ ಹೋದರೂ ನಡೆಯಬೇಕು: ಮನೆಯ ಕಂಟ್ರೋಲರ್ ಆರಿಸಿದ, ಬಳಸಿದ ನನ್ನ ಅನುಭವ

ಮನೆಯ ದೀಪ, ಫ್ಯಾನು, ಮೋಟಾರ್, ಎಸಿಗಳನ್ನೆಲ್ಲ ನಡೆಸಲು ಯಾವ ಕಂಟ್ರೋಲರ್ ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಇಂಟರ್‌ನೆಟ್ ತಂತಿ ಕಿತ್ತಿಟ್ಟರೆ ಅದು ಏನೇನು ಮಾಡಬಲ್ಲದು? ಎಷ್ಟು ಸಾಧನ ಜೋಡಿಸಬಹುದು, ಮಾತಿನಲ್ಲಿ ಹೇಳಿದರೆ ಕೇಳುತ್ತದೆಯೇ, ಆ್ಯಪ್ ನೋಡಲು ಹೇಗಿದೆ ಎಂಬುದೆಲ್ಲ ಆಮೇಲಿನ ಮಾತು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದ ಮೇಲೆ ನಮ್ಮ ಓಣಿಯಲ್ಲಿ ಕರೆಂಟು ಹೋಗುವುದೂ ಅದರ ಬೆನ್ನಿಗೇ ನೆಟ್ ಹೋಗುವುದೂ ಮಾಮೂಲು. ಮನೆಯವರಿಗೆ ನೀರು, ಗಾಳಿ ತೀರಾ ಬೇಕಾಗುವುದೂ ಅದೇ ಹೊತ್ತಿನಲ್ಲಿ.

ನಾನು ಶಕ್ತಿನಗರದ ಕಡೆ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ ದುಡಿಯುವವನು. 1720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಇರುವ ಊರು ಅದು. ದೊಡ್ಡ ಪಂಪುಗಳ ಪಕ್ಕದಲ್ಲಿ ನಿಂತು ಕೆಲಸ ಕಲಿತವರಿಗೆಲ್ಲ ಒಂದು ಮಾತು ಮೈಗೂಡಿರುತ್ತದೆ: ಪಂಪನ್ನು ಕಾಯುವ ಇಂಟರ್‌ಲಾಕ್ (ಅಪಾಯ ಕಂಡರೆ ತಾನೇ ನಿಲ್ಲಿಸುವ ಏರ್ಪಾಡು) ಪಂಪಿನ ಬಳಿಯೇ ಇರಬೇಕು. ಕಂಟ್ರೋಲ್ ರೂಮಿನ ಪರದೆ ಆರಿಹೋದರೂ ನೀರಿಲ್ಲದ ಪಂಪು ತಾನಾಗಿ ನಿಲ್ಲಬೇಕು. ಮನೆಯ ಕೆಲಸಕ್ಕೂ ನಾನು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಇನ್ನೊಂದು ಕಾರಣ ಅವ್ವ. ನಾನು ಪಾಳಿಗೆ ಹೋದರೆ ಮನೆಯಲ್ಲಿ ಅವಳೊಬ್ಬಳೇ. ಮೊಣಕಾಲು ನೋವಿನಿಂದ ಮಾಳಿಗೆ ಹತ್ತಲಾರಳು, ಮೊಬೈಲ್ ಬಳಸುವುದು ಮಾತನಾಡಲು ಮಾತ್ರ. ಅವಳ ಕೈಗೆ ಒಗ್ಗದ ವ್ಯವಸ್ಥೆ ನಮ್ಮ ಮನೆಗೆ ಬೇಡವಾಗಿತ್ತು.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ವೈಫೈ ಬಲ್ಬು, ಪ್ಲಗ್ಗುಗಳಲ್ಲಿ ಬಹುಪಾಲು ಕಂಪನಿಯ ಸರ್ವರ್ ನಂಬಿ ನಡೆಯುತ್ತವೆ. ಪಕ್ಕದ ಕೋಣೆಯ ದೀಪ ಹಚ್ಚಲು ಕೊಟ್ಟ ಆಜ್ಞೆ ಎಲ್ಲಿಗೋ ಹೋಗಿ ಮರಳಿ ಬರಬೇಕು. ಕಂಪನಿ ಬಾಗಿಲು ಹಾಕಿದರೆ ಆ ದಾರಿಯೇ ಮುಚ್ಚುತ್ತದೆ. ಅಮೆರಿಕದಲ್ಲಿ ಮನೆಯ ಸಾಧನಗಳನ್ನು ಒಟ್ಟಿಗೆ ನಡೆಸುವ ರಿವಾಲ್ವ್ ಎಂಬ ಹಬ್‌ನ ಸೇವೆಯನ್ನು 2016ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ, ದುಡ್ಡು ಕೊಟ್ಟು ಕೊಂಡವರ ಮನೆಗಳಲ್ಲಿ ಅದು ಬರೀ ಡಬ್ಬಿಯಾಗಿ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಇನ್ನೊಂದು ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತಾಗಲೂ ಬಳಕೆದಾರರು ಆ್ಯಪ್ ಕಳೆದುಕೊಂಡು ಕೈಕೈ ಹಿಸುಕಿಕೊಂಡರು. ಮನೆಯ ವೈರಿಂಗ್ ಹತ್ತಾರು ವರ್ಷ ಬಾಳಬೇಕಾದದ್ದು. ಅದರ ಮೇಲೆ ಕೂರುವ ವಸ್ತುವಿನ ಆಯುಷ್ಯ ಬೇರೆಯವರ ಲೆಕ್ಕಪತ್ರದ ಮೇಲೆ ನಿಲ್ಲಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೀಗೆ ನಾನು ಆರಿಸಿದ್ದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಇದು. ನಮ್ಮದೇ ಯಂತ್ರದಲ್ಲಿ, ನಮ್ಮದೇ ಮನೆಯೊಳಗೆ ಓಡುತ್ತದೆ. ಕಲಿಯಲು ತಾಳ್ಮೆ ಬೇಕು. ಅಷ್ಟು ಪುರುಸೊತ್ತಿಲ್ಲದವರು ಜಿಗ್‌ಬೀ (ಮನೆಯ ಸಾಧನಗಳು ಕಡಿಮೆ ವಿದ್ಯುತ್ತಿನಲ್ಲಿ ಮಾತನಾಡಿಕೊಳ್ಳುವ ರೇಡಿಯೊ ವ್ಯವಸ್ಥೆ) ಇರುವ, ನೆಟ್ ಇಲ್ಲದೆಯೂ ನಿಯಮಗಳನ್ನು ನಡೆಸುವ ಸಿದ್ಧ ಹಬ್ ಕೊಂಡರೆ ತಪ್ಪೇನಿಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಟರ್ ಮಾನದಂಡವೂ ಮನೆಯ ಜಾಲದೊಳಗೇ ಸಾಧನಗಳು ಮಾತನಾಡಬೇಕು ಎಂಬ ನೆಲೆಯ ಮೇಲೆ ನಿಂತಿದೆ, ಹೊಸದಾಗಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆ ಗುರುತು ಇದೆಯೇ ನೋಡಿ. ಜಿಗ್‌ಬೀಯಂಥದೇ ಇನ್ನೊಂದು ರೇಡಿಯೊ ವ್ಯವಸ್ಥೆಯಾದ ಜೀ-ವೇವ್ ನಾನು ಬಿಟ್ಟೆ. ಅದು ಭಾರತದಲ್ಲಿ ಬಳಸುವ ತರಂಗಾಂತರ 865 ಮೆಗಾಹರ್ಟ್ಸ್ ಆಸುಪಾಸಿನದು. ಅಮೆರಿಕದಿಂದ ನೆಂಟರು ತಂದುಕೊಟ್ಟ ಜೀ-ವೇವ್ ಸಾಧನ ಬೇರೆ ತರಂಗಾಂತರದ್ದು, ಇಲ್ಲಿಯದರೊಡನೆ ಮಾತನಾಡುವುದಿಲ್ಲ. ಇಲ್ಲಿಯೇ ಸಿಗುವ ಸಾಧನಗಳೂ ಕಡಿಮೆ.

ಯಂತ್ರವಾಗಿ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ತೆಗೆದುಕೊಂಡೆ. ನಮ್ಮ ಸೀಮೆಯ ಸೆಕೆಯಲ್ಲಿ ಇದಕ್ಕೆ ಪ್ಲಾಸ್ಟಿಕ್ ಡಬ್ಬಿ ಸಾಲದು. ಚಿಪ್ಪಿನ ಬಿಸಿ 80 ಡಿಗ್ರಿ ಮುಟ್ಟಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೈಯೆಲ್ಲ ಅಲ್ಯೂಮಿನಿಯಂ ಇರುವ ಕವಚ ಹಾಕಿ, ಬಿಸಿಲು ಬೀಳದ ಒಳಗೋಡೆಗೆ ನೆಲದಿಂದ ಎದೆಯೆತ್ತರದಲ್ಲಿ ಕೂರಿಸಿದ್ದೇನೆ. ಅಟ್ಟದ ಮೇಲೆ ಬೇಡ, ಮಾಳಿಗೆಯ ಕಾವು ಇಳಿಯುವುದೇ ಅಲ್ಲಿಗೆ. ಮೆಮೊರಿ ಕಾರ್ಡಿನ ಬದಲು ಹೆಚ್ಚು ಬಾಳಿಕೆಯ ಡಿಸ್ಕ್ ಎಸ್‌ಎಸ್‌ಡಿ ಹಾಕಿದೆ. ಕಂಟ್ರೋಲರ್ ಹಗಲಿರುಳು ದಾಖಲೆ ಬರೆಯುತ್ತಲೇ ಇರುತ್ತದೆ, ಬರೆದು ಬರೆದು ಕಾರ್ಡು ಸವೆಯುತ್ತದೆ. ಬರೆಯುವಾಗಲೇ ಕರೆಂಟು ಹೋದರೆ ಕೆಡುವ ಸಂಭವ ಇನ್ನೂ ಹೆಚ್ಚು.

ಎಸ್‌ಎಸ್‌ಡಿ ಚುಚ್ಚುವ ನೀಲಿ ಯುಎಸ್‌ಬಿ 3 ಕಿಂಡಿ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಜಿಗ್‌ಬೀ ಕೆಲಸ ಮಾಡುವುದೂ ಅಲ್ಲೇ. ಆದ್ದರಿಂದ ಪೈಗೆ ಚುಚ್ಚುವ ಜಿಗ್‌ಬೀ ರೇಡಿಯೊ ಕಡ್ಡಿಯನ್ನು (ಡಾಂಗಲ್) ಯುಎಸ್‌ಬಿ 2 ಕಿಂಡಿಗೆ, ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಿ. ವೈಫೈ ರೌಟರ್‌ನ್ನು 1ನೇ ಚಾನೆಲ್‌ಗೆ ಕಟ್ಟಿಹಾಕಿ ಜಿಗ್‌ಬೀಯನ್ನು 25ಕ್ಕೆ ಇಟ್ಟರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಇದನ್ನು ಮೊದಲ ದಿನವೇ ಮಾಡಬೇಕು. ಸಾಧನಗಳನ್ನು ಸೇರಿಸಿದ ಮೇಲೆ ಚಾನೆಲ್ ಬದಲಿಸಿದರೆ ಕೆಲವನ್ನು ಮತ್ತೆ ಜೋಡಿಸುತ್ತ ಕೂರಬೇಕಾಗುತ್ತದೆ.

ನಮ್ಮ ಮನೆಯ ಹಳೆಯ ಭಾಗ ಕಲ್ಲುಗೋಡೆಯದು. ವೈಫೈ ಕೂಡ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಜಿಗ್‌ಬೀಯ ಗುಣ ಎಂದರೆ ಕರೆಂಟಿನಲ್ಲಿ ನಡೆಯುವ ಸಾಧನಗಳು ಪಕ್ಕದವುಗಳ ಸಂದೇಶವನ್ನೂ ಮುಂದಕ್ಕೆ ದಾಟಿಸುತ್ತವೆ, ಬ್ಯಾಟರಿಯವು ಹಾಗೆ ಮಾಡುವುದಿಲ್ಲ. ಬಾಗಿಲ ಚೌಕಟ್ಟಿಗೆ ಹತ್ತಿರವಿರುವ ಸಾಕೆಟ್‌ಗಳಿಗೆ ಒಂದೊಂದು ಜಿಗ್‌ಬೀ ಪ್ಲಗ್ ಹಾಕಿದೆ. ಗೋಡೆ ತಡೆದ ಸಂದೇಶ ಬಾಗಿಲಿನಿಂದ ಹಾದು ಹಿತ್ತಲ ಕೋಣೆ ಮುಟ್ಟಿತು.

ಸ್ವಿಚ್‌ಬೋರ್ಡಿನ ವಿಷಯದಲ್ಲಿ ಪರದೇಶದ ವಿಡಿಯೊ ನೋಡಿ ಗಾಬರಿಯಾಗಬೇಕಿಲ್ಲ. ಅಲ್ಲಿ ಬೋರ್ಡಿಗೆ ನ್ಯೂಟ್ರಲ್ (ಕರೆಂಟು ಮರಳುವ ತಂತಿ) ಬಂದಿಲ್ಲವೆಂಬುದು ದೊಡ್ಡ ತಲೆನೋವು. ನಮ್ಮ ಬೋರ್ಡುಗಳಲ್ಲಿ ಸ್ವಿಚ್ಚಿನ ಜೊತೆಗೇ ಒಂದು ಸಾಕೆಟ್ ಇರುವುದರಿಂದ ನ್ಯೂಟ್ರಲ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನ್ಯೂಟ್ರಲ್ ಬೇಡುವ ಜಿಗ್‌ಬೀ ರಿಲೇ (ಆಜ್ಞೆಗೆ ತಾನೇ ತೆರೆದು ಮುಚ್ಚುವ ಸ್ವಿಚ್) ಮಾಡ್ಯೂಲನ್ನೇ ಕೊಳ್ಳಿ, ಸಂದೇಶ ದಾಟಿಸುವ ಕೆಲಸವನ್ನೂ ಅದು ಮಾಡುತ್ತದೆ. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಮೊದಲಿಗೆ ಒಪ್ಪಲಿಲ್ಲ. “ಸರ್, ನಾಳೆ ಇದು ಕೆಟ್ಟರೆ ಅವ್ವ ಕತ್ತಲಲ್ಲಿ ಕೂರಬೇಕೇ?” ಎಂದರು. ಸರಿಯಾದ ಪ್ರಶ್ನೆ. ನಾವು ಹಾಕಿದ ಮಾಡ್ಯೂಲ್‌ಗೆ ಗೋಡೆಯ ಸ್ವಿಚ್ಚಿನ ತಂತಿಯೂ ಸೇರುತ್ತದೆ. ಕಂಟ್ರೋಲರ್ ಸತ್ತರೂ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಪೈ ಬಂದ್ ಮಾಡಿ ತೋರಿಸಿದ ಮೇಲೆ ಉಳಿದ ಬೋರ್ಡುಗಳನ್ನೂ ಅವರೇ ಮುಗಿಸಿಕೊಟ್ಟರು. ಹಳೆಯ ಕಬ್ಬಿಣದ ಬಾಕ್ಸ್ ಇದ್ದಲ್ಲಿ ಮಾಡ್ಯೂಲನ್ನು ಆದಷ್ಟು ಮುಂಬದಿಯ ಪ್ಲಾಸ್ಟಿಕ್ ಪ್ಲೇಟಿನ ಹತ್ತಿರ ತಂದರು, ಹಿಂದೆ ತುರುಕಿದರೆ ಸಿಗ್ನಲ್ ಹೊರಬರುವುದಿಲ್ಲ.

ಕರೆಂಟು ಹೋಗಿ ಬರುವ ಊರಿನಲ್ಲಿ ನೋಡಲೇಬೇಕಾದ ಇನ್ನೊಂದು ಸಂಗತಿ, ಕರೆಂಟು ಮರಳಿದಾಗ ಸಾಧನ ಯಾವ ಸ್ಥಿತಿಗೆ ಬರುತ್ತದೆ ಎಂಬುದು. ಅನೇಕ ಸ್ಮಾರ್ಟ್ ಬಲ್ಬುಗಳು ಕರೆಂಟು ಬಂದೊಡನೆ ತಾವೇ ಹತ್ತಿಕೊಳ್ಳುತ್ತವೆ. ನಡುರಾತ್ರಿ ಮಲಗಿದವರ ಮುಖಕ್ಕೆ ಬೆಳಕು ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ ‘ಹಿಂದಿನ ಸ್ಥಿತಿ’ ಅಥವಾ ‘ಆಫ್’ ಆರಿಸಿ. ಆ ಆಯ್ಕೆಯೇ ಇಲ್ಲದ ಬಲ್ಬನ್ನು ಕೊಳ್ಳಬೇಡಿ. ಎಸಿಗೆ ಕರೆಂಟು ಬಂದ ಮೇಲೆ ಮೂರು ನಿಮಿಷ ಬಿಟ್ಟೇ ರಿಮೋಟಿನಂಥ ಇನ್‌ಫ್ರಾರೆಡ್ ಆಜ್ಞೆ ಹೋಗುವಂತೆ ಇಟ್ಟಿದ್ದೇನೆ, ಕಂಪ್ರೆಸರ್‌ಗೆ ಒಳ್ಳೆಯದು. ಪೈ, ರೌಟರ್, ಫೈಬರ್ ಡಬ್ಬಿ ಮೂರಕ್ಕೂ ಇನ್ವರ್ಟರ್ ಲೈನು ಕೊಟ್ಟು, ನಡುವೆ ಸಣ್ಣ ಡಿಸಿ ಯುಪಿಎಸ್ ಹಾಕಿದೆ. ಇನ್ವರ್ಟರನ್ನೇ ಯುಪಿಎಸ್ ಮೋಡಿನಲ್ಲಿ ಇಡಬಹುದಿತ್ತು. ಆದರೆ ಆ ಮೋಡಿನಲ್ಲಿ ವೋಲ್ಟೇಜ್ ತುಸು ಇಳಿದರೂ ಅದು ಬ್ಯಾಟರಿಗೆ ಹಾರುತ್ತದೆ. ಬೇಸಿಗೆಯ ಸಂಜೆ ಲೋ ವೋಲ್ಟೇಜ್ ಇರುವ ನಮ್ಮ ಓಣಿಯಲ್ಲಿ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ.

ಇನ್ನು ನೀರು. ಇಷ್ಟೆಲ್ಲ ಕಟ್ಟಿದ್ದು ನಿಜವಾಗಿ ಇದಕ್ಕೇ. ನಲ್ಲಿ ನೀರು ಬರುವ ಹೊತ್ತು ಒಂದೇ ಇರುವುದಿಲ್ಲ. ಬಂದದ್ದು ಸಂಪಿಗೆ, ಸಂಪಿನಿಂದ ಒಂದು ಎಚ್‌ಪಿ ಮೋಟಾರ್ ಮಾಳಿಗೆಯ ಕಪ್ಪು ಟ್ಯಾಂಕಿಗೆ ಎತ್ತುತ್ತದೆ. ಟ್ಯಾಂಕು ತುಂಬಿ ಹರಿದರೆ ಕುಡಿಯುವ ನೀರು ಬೀದಿಪಾಲು, ಸಂಪು ಬತ್ತಿದ ಮೇಲೆ ಮೋಟಾರ್ ಓಡಿದರೆ ಸೀಲು ಸುಟ್ಟು ನೀರು ಸೋರಲು ಶುರುವಾಗುತ್ತದೆ.

ಇದಕ್ಕೆ ಇಎಸ್‌ಪಿ32 ಎಂಬ ವೈಫೈ ಇರುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡನ್ನು ಮೋಟಾರ್ ಪಕ್ಕದ ಪೆಟ್ಟಿಗೆಯಲ್ಲಿ ಕೂರಿಸಿ, ಇಎಸ್‌ಪಿಹೋಮ್ ತಂತ್ರಾಂಶ ಹಾಕಿದೆ. ಅದರ ಹೆಚ್ಚುಗಾರಿಕೆ ಏನೆಂದರೆ ನಿಯಮಗಳು ಬೋರ್ಡಿನ ಒಳಗೇ ಓಡುತ್ತವೆ. ಪೈ ಇರಲಿ ಬಿಡಲಿ, ವೈಫೈ ಇರಲಿ ಬಿಡಲಿ, ಮೋಟಾರ್ ನಿಲ್ಲಿಸುವುದು ಅದಕ್ಕೆ ಗೊತ್ತು. ಒಂದನ್ನು ಮಾತ್ರ ಮರೆಯಬಾರದು: ಹೋಮ್ ಅಸಿಸ್ಟೆಂಟ್ ಜೊತೆ ಸಂಪರ್ಕ ತಪ್ಪಿ ಹದಿನೈದು ನಿಮಿಷವಾದರೆ ಬೋರ್ಡು ತಾನೇ ರೀಬೂಟ್ ಆಗುವಂತೆ ಮೊದಲಿನಿಂದಲೇ ಇಟ್ಟಿರುತ್ತಾರೆ. ಆ ಅವಧಿಯನ್ನು ಸೊನ್ನೆ ಮಾಡಿಡಿ. ರಿಲೇ ನೇರವಾಗಿ ಮೋಟಾರ್ ಎಳೆಯಬಾರದು. 10 ಆಂಪಿಯರ್ ಎಂದು ಬರೆದ ಪುಟ್ಟ ರಿಲೇಗೆ ಮೋಟಾರ್ ಎದ್ದೇಳುವಾಗಿನ ಎಳೆತ ತಾಳುವ ಶಕ್ತಿ ಇಲ್ಲ, ಸಂಪರ್ಕ ಬಿಂದುಗಳು ಬೆಸೆದುಕೊಂಡು ಮೋಟಾರ್ ನಿಲ್ಲದಂತಾಗುತ್ತದೆ. ರಿಲೇ ಕಾಂಟ್ಯಾಕ್ಟರ್‌ನ (ಭಾರೀ ಕರೆಂಟು ತಾಳುವ ದೊಡ್ಡ ರಿಲೇ) ಕಾಯಿಲ್ ನಡೆಸಲಿ, ಕಾಂಟ್ಯಾಕ್ಟರ್ ಮೋಟಾರ್ ನಡೆಸಲಿ. ಕಾಯಿಲ್‌ಗೆ ಅಡ್ಡಲಾಗಿ, ಕಿಡಿಯನ್ನು ಹೀರುವ ಸ್ನಬ್ಬರ್ ಒಂದನ್ನು ಕಟ್ಟಿ. ಇಲ್ಲವಾದರೆ ಕಾಂಟ್ಯಾಕ್ಟರ್ ಬಿಡುವಾಗ ಏಳುವ ಕಿಡಿಗೆ ಬೋರ್ಡು ಮರುಚಾಲೂ ಆಗಬಹುದು.

ಟ್ಯಾಂಕು ತುಂಬಿದ್ದನ್ನು ತಿಳಿಸಲು ಎರಡು ಏರ್ಪಾಡು ಇವೆ. ಒಂದು ಫ್ಲೋಟ್ ಸ್ವಿಚ್ (ನೀರಿನ ಮೇಲೆ ತೇಲಿ ಮಟ್ಟ ತಿಳಿಸುವುದು), ಅದರಿಂದ ಕೆಳಗಿನ ಪೆಟ್ಟಿಗೆಯವರೆಗೆ ಪೈಪಿನ ಗುಂಟ ಕಂಡ್ಯೂಟ್‌ನಲ್ಲಿ ಎರಡೆಳೆಯ ತಂತಿ. ಇನ್ನೊಂದು ಟ್ಯಾಂಕಿನ ಮುಚ್ಚಳಕ್ಕೆ ಕೂರಿಸಿದ ಅಲ್ಟ್ರಾಸಾನಿಕ್ ಸೆನ್ಸರ್, ಅದು ವೈಫೈಯಲ್ಲಿ ಮಟ್ಟ ತಿಳಿಸುತ್ತದೆ. ನಿಲ್ಲಿಸುವ ಕೆಲಸ ತಂತಿಗೆ, ತೋರಿಸುವ ಕೆಲಸ ವೈಫೈಗೆ. ಫ್ಲೋಟ್ ತಂತಿಯಲ್ಲಿ ಹರಿಯುವುದು 24 ವೋಲ್ಟ್ ಡಿಸಿ, ನೀರಿನ ಬಳಿ 230 ವೋಲ್ಟ್ ಸುಳಿಯಬಾರದು. ಟ್ಯಾಂಕು ಖಾಲಿಯಿದ್ದಾಗ ಸರ್ಕ್ಯೂಟ್ ಕೂಡಿರುತ್ತದೆ, ತುಂಬಿದಾಗ ಕಡಿಯುತ್ತದೆ. ಆದ್ದರಿಂದ ಬಿಸಿಲಿಗೆ ತಂತಿಯ ಸಿಪ್ಪೆ ಸೀಳಿ ತುಂಡಾದರೂ ಬೋರ್ಡು ಅದನ್ನು ‘ತುಂಬಿದೆ’ ಎಂದೇ ಓದಿ ಮೋಟಾರ್ ನಿಲ್ಲಿಸುತ್ತದೆ. ಕೆಟ್ಟಾಗ ನಿಲ್ಲುವ ಕಡೆಗೇ ವಾಲಬೇಕು, ಓಡುವ ಕಡೆಗಲ್ಲ.

ಅಲ್ಟ್ರಾಸಾನಿಕ್‌ನಲ್ಲಿ ನಮ್ಮ ಬಿಸಿಲಿನದೇ ಒಂದು ಆಟವಿದೆ. ಅದು ಶಬ್ದ ಹೋಗಿ ಬರುವ ಹೊತ್ತನ್ನು ಅಳೆದು ದೂರ ಹೇಳುತ್ತದೆ. ಲೆಕ್ಕಕ್ಕೆ ಹಿಡಿಯುವ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದು 20 ಡಿಗ್ರಿಯ ಗಾಳಿಯದು. 45 ಡಿಗ್ರಿಯಲ್ಲಿ ವೇಗ ಸುಮಾರು 358 ಆಗುತ್ತದೆ. ಪ್ರತಿಧ್ವನಿ ಬೇಗ ಬರುವುದರಿಂದ ನೀರು ಇರುವುದಕ್ಕಿಂತ ಹತ್ತಿರ ಇದ್ದಂತೆ ತೋರುತ್ತದೆ, ಒಂದು ಮೀಟರಿಗೆ ಸುಮಾರು ನಾಲ್ಕು ಸೆಂಟಿಮೀಟರ್. ಮಧ್ಯಾಹ್ನ ಯಾರೂ ನೀರು ಏರಿಸದೆಯೇ ಪರದೆಯಲ್ಲಿ ಮಟ್ಟ ಏರಿದಂತೆ ಕಾಣುವುದು ಇದಕ್ಕೇ. ಪಕ್ಕದಲ್ಲೊಂದು ಉಷ್ಣತೆಯ ಸೆನ್ಸರ್ ಇಟ್ಟು ಲೆಕ್ಕ ಸರಿಪಡಿಸಿದರೆ ಆಯಿತು. ಸೆನ್ಸರ್ ತೀರಾ ಹತ್ತಿರದ್ದನ್ನು ಅಳೆಯಲಾರದು, ಆದ್ದರಿಂದ ತುಂಬಿದ ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಮೇಲಿರಲಿ.

ಸಂಪಿನ ತಳದಲ್ಲೂ ಫ್ಲೋಟ್ ಇದೆ. ಹೀರುಪೈಪಿನ ತುದಿಯ ಫುಟ್‌ವಾಲ್ವ್ ಸೋರಿ ಪೈಪಿನಲ್ಲಿ ಗಾಳಿ ಹಿಡಿದರೆ ಮಾತ್ರ ಫ್ಲೋಟ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಮೋಟಾರ್ ಲೈನಿಗೆ ಪವರ್ ಅಳೆಯುವ ಮೀಟರ್ ಮಾಡ್ಯೂಲ್ ಹಾಕಿದೆ. ಆಂಪಿಯರ್ ನೋಡಿ ತೀರ್ಮಾನಿಸಬೇಡಿ. ಸಿಂಗಲ್ ಫೇಸ್ ಮೋಟಾರಿನಲ್ಲಿ ಹೊರೆ ತಗ್ಗಿದರೂ ಆಂಪಿಯರ್ ಅಷ್ಟಾಗಿ ಇಳಿಯುವುದಿಲ್ಲ, ಇಳಿಯುವುದು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ವ್ಯಾಟ್ ನೋಡಿ. ನಮ್ಮ ಮೋಟಾರ್ ನೀರು ಎತ್ತುವಾಗ ಸಾವಿರ ವ್ಯಾಟ್ ಆಸುಪಾಸು, ಒಣಗಿ ಓಡಿದರೆ ಆರು ನೂರರ ಹತ್ತಿರ. ಏಳುನೂರೈವತ್ತಕ್ಕಿಂತ ಕೆಳಗೆ ಹತ್ತು ಸೆಕೆಂಡು ನಿಂತರೆ ಮೋಟಾರ್ ಬಂದ್. ವೋಲ್ಟೇಜ್ 180ಕ್ಕಿಂತ ಕಡಿಮೆ ಇದ್ದರೆ ಚಾಲೂ ಆಗುವುದೇ ಇಲ್ಲ. ಎಲ್ಲ ಸರಿಯಿದ್ದರೂ ನಲವತ್ತು ನಿಮಿಷ ದಾಟಿ ಓಡುವಂತಿಲ್ಲ.

ಮೊಬೈಲ್‌ಗೆ ಸೂಚನೆ ಬರಬೇಕಾದರೆ ನೆಟ್ ಬೇಕು. ಹಾಗಾಗಿ ಅಡುಗೆಮನೆಯಲ್ಲಿ ಬಜರ್ ಮತ್ತು ಎರಡು ದೀಪ ಹಾಕಿದ್ದೇನೆ: ಹಸಿರು ಹತ್ತಿದರೆ ನೀರು ಏರುತ್ತಿದೆ, ಕೆಂಪು ಹತ್ತಿದರೆ ಏನೋ ತೊಂದರೆ. ಗೋಡೆಯ ಹಳೆಯ ಟ್ಯಾಬ್ಲೆಟ್‌ನಲ್ಲಿ ‘ಮಾಳಿಗೆ ಟ್ಯಾಂಕು’, ‘ಸಂಪು’, ‘ದೇವರ ಕೋಣೆ ದೀಪ’ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಹೋಮ್ ಅಸಿಸ್ಟೆಂಟ್ ಒಳಗುರುತನ್ನು ರೋಮನ್ ಅಕ್ಷರಕ್ಕೆ ತಿರುಗಿಸಿಕೊಂಡರೂ ಕಾಣುವ ಹೆಸರು ಕನ್ನಡದ್ದೇ ಇರುತ್ತದೆ. ಅವ್ವ ಬೆಳಿಗ್ಗೆ ಚಹಾ ಇಡುವಾಗ ಅದನ್ನು ಓದಿ, “ಟ್ಯಾಂಕಿನಲ್ಲಿ ಅರ್ಧ ಇದೆ, ಬಟ್ಟೆ ನಾಳೆ ಒಗೆಯೋಣ” ಎಂದು ತಾನೇ ನಿರ್ಧರಿಸುತ್ತಾಳೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು ಇದು.

ಪಾಳಿಯಲ್ಲಿದ್ದಾಗ ದೂರದಿಂದ ನೋಡಲು ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆಯುವುದು ಬೇಡ. ಅನೇಕ ನೆಟ್ ಸಂಪರ್ಕಗಳಲ್ಲಿ ನಮಗೆಂದೇ ಸ್ವಂತ ವಿಳಾಸ ಸಿಗುವುದಿಲ್ಲ, ತೆರೆದರೂ ಹೊರಗಿನಿಂದ ತಲುಪಲಾಗದು. ಟೇಲ್‌ಸ್ಕೇಲ್‌ನಂಥ ವಿಪಿಎನ್ (ನೆಟ್ ಮೂಲಕ ಹಾಕುವ ಖಾಸಗಿ ದಾರಿ) ಆ ತೊಡಕನ್ನು ದಾಟುತ್ತದೆ, ಮನೆಯ ಕದವೂ ಬೀದಿಗೆ ತೆರೆದುಕೊಳ್ಳುವುದಿಲ್ಲ. ಬ್ಯಾಕಪ್ ಪ್ರತಿ ಭಾನುವಾರ ತಾನಾಗಿ ಇನ್ನೊಂದು ಕಂಪ್ಯೂಟರ್‌ಗೆ ಹೋಗುತ್ತದೆ.

ಮೋಟಾರ್ ಪೆಟ್ಟಿಗೆಯ ಮುಖದ ಮೇಲೆ ಮೂರು ಸ್ಥಾನದ ತಿರುಗುಸ್ವಿಚ್ ಇದೆ: ‘ಕೈ’, ‘ಬಂದ್’, ‘ಆಟೊ’. ‘ಕೈ’ಗೆ ತಿರುಗಿಸಿದರೆ ಬೋರ್ಡು, ತಂತ್ರಾಂಶ ಎಲ್ಲ ಪಕ್ಕಕ್ಕೆ ಸರಿದು ಹಳೆಯ ಸ್ಟಾರ್ಟರ್‌ನಂತೆ ಮೋಟಾರ್ ನಡೆಯುತ್ತದೆ, ಓವರ್‌ಲೋಡ್ ರಕ್ಷಣೆ ಮಾತ್ರ ಉಳಿಯುತ್ತದೆ. ಪೆಟ್ಟಿಗೆಯ ಬಾಗಿಲ ಒಳಬದಿಗೆ ವೈರಿಂಗ್ ನಕ್ಷೆಯನ್ನು ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದೇನೆ, ತಂತಿಗಳಿಗೆಲ್ಲ ನಂಬರಿನ ಫೆರೂಲ್ (ಗುರುತಿನ ತೋಳು) ಇದೆ. ನಾನು ಊರಲ್ಲಿ ಇಲ್ಲದಾಗ ಎಲೆಕ್ಟ್ರಿಷಿಯನ್ ಬಂದರೆ ನನಗೆ ಫೋನು ಮಾಡದೆಯೇ ಕೆಲಸ ಮುಗಿಸಿಕೊಂಡು ಹೋಗಬಹುದು.