ಕೆಲಸದ ವೇಳೆ ಬದಲಾಯಿತೇ? ಮಗುವಿನ ಹೊತ್ತನ್ನು ಕಾಯ್ದುಕೊಳ್ಳುವುದು ಹೀಗೆ

ಪೀಣ್ಯದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ವೇಳಾಪಟ್ಟಿ ಬದಲಾದಾಗಲೆಲ್ಲ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದವರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳ ತಾಯಂದಿರು. ಈಚಿನ ವರ್ಷಗಳಲ್ಲಿ ಕೆಲವರು ತಂದೆಯರೂ ಇದ್ದರು. ಅವರು ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತಿತ್ತು. ಸಾಹೇಬರು ಹೇಳಿದ ದಿನ "ಆಯ್ತು ಸರ್, ಅಡ್ಜಸ್ಟ್ ಮಾಡ್ಕೋತೀನಿ" ಎಂದು ತಲೆಯಾಡಿಸಿ, ಮೂರು ವಾರ ಅತ್ತೆಯನ್ನೂ ಪಕ್ಕದ ಮನೆಯವರನ್ನೂ ಕಾಡಿಬೇಡಿ, ನಾಲ್ಕನೆಯ ವಾರ ಎರಡು ಸಲ ಹೇಳದೆ ಬೇಗ ಹೊರಟು, ಮೆಮೊ ಕೈಗೆ ಬಂದ ಮೇಲೆ ಬರುತ್ತಿದ್ದರು. ಅಷ್ಟರಲ್ಲಿ ಮಗುವಿನ ಮಾತು ಹಿಂದೆ ಸರಿದು ಶಿಸ್ತಿನ ಮಾತು ಮುಂದೆ ಬಂದಿರುತ್ತಿತ್ತು. ಇದೇ ಸಂಗತಿಯನ್ನು ಮೊದಲ ವಾರದಲ್ಲೇ ಕ್ರಮವಾಗಿ ಎತ್ತಿದವರಿಗೆ ಕೇಳಿದ್ದರಲ್ಲಿ ಮುಕ್ಕಾಲು ಪಾಲಾದರೂ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ.

1. ಕೇಳಿದ ದಿನವೇ ಉತ್ತರ ಕೊಡಬೇಡಿ

ಹೂಂ ಎನ್ನಬೇಡಿ, ಆಗದು ಎಂದೂ ಹೇಳಬೇಡಿ. "ಸರ್, ಹೊಸ ವೇಳೆ ಯಾವ ಕೆಲಸಕ್ಕೆ ಬೇಕಾಗಿದೆ, ಯಾವತ್ತಿನಿಂದ ಅಂತ ಒಂದು ಮೇಲ್ ಹಾಕಿ, ನೋಡಿ ಸೋಮವಾರ ಹೇಳ್ತೀನಿ" ಎಂದರೆ ಸಾಕು. "ಯಾವ ಕೆಲಸಕ್ಕೆ" ಎಂಬ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ, ಏಕೆಂದರೆ ಮುಂದಿನ ಹಂತಗಳೆಲ್ಲ ಅದರ ಉತ್ತರದ ಮೇಲೆ ನಿಂತಿವೆ.

2. ನೇಮಕಾತಿ ಪತ್ರವನ್ನು ಓದಿ

ಸಂಸ್ಥೆಯ ಅಗತ್ಯಕ್ಕೆ ತಕ್ಕಂತೆ ಕೆಲಸದ ವೇಳೆಯನ್ನು ಬದಲಾಯಿಸಬಹುದು ಎಂಬ ಸಾಲು ಅದರಲ್ಲಿ ಬಹುತೇಕ ಇದ್ದೇ ಇರುತ್ತದೆ. ಅದನ್ನು ಕಂಡು ಎದೆಗುಂದಬೇಕಾಗಿಲ್ಲ. ಇದೆಯೋ ಇಲ್ಲವೋ ಎಂಬುದು ಗೊತ್ತಿದ್ದರೆ ಆಯಿತು.

3. ನಿಮಿಷಗಳ ಲೆಕ್ಕ ಬರೆಯಿರಿ

ಲೆಕ್ಕಪತ್ರ ವಿಭಾಗದ ಒಬ್ಬ ಸಹೋದ್ಯೋಗಿಯ ವೇಳೆ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಇದ್ದದ್ದು 10.30ರಿಂದ 7ಕ್ಕೆ ಬದಲಾಯಿತು. ಅವರ ಮಗ ವಿಜಯನಗರದ ಒಂದು ಡೇ ಕೇರ್‌ನಲ್ಲಿದ್ದ, ಅದು ಮುಚ್ಚುವುದು 7 ಗಂಟೆಗೆ. "ಮಗು ನೋಡ್ಕೊಳ್ಳೋರಿಲ್ಲ ಸರ್, ತುಂಬಾ ಕಷ್ಟ" ಎಂದು ಅವರು ಹೇಳಿದ್ದಕ್ಕೆ ಸಾಹೇಬರು "ಎಲ್ಲರ ಮನೇಲೂ ಮಕ್ಕಳಿದಾವಮ್ಮ" ಎಂದರು. ಕಷ್ಟ ಎಂಬ ಮಾತಿಗೆ ಬರುವ ಉತ್ತರ ಯಾವಾಗಲೂ ಇದೇ.

ನಾನು ಅವರಿಗೆ ಒಂದು ಗೆರೆ ಹಾಳೆ ಕೊಟ್ಟು, ಮೂರು ಕೆಲಸದ ದಿನಗಳಲ್ಲಿ ಗಡಿಯಾರ ನೋಡಿ ದಾರಿಯ ಹೊತ್ತನ್ನು ಬರೆಯಲು ಹೇಳಿದೆ. ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ: ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತು ಮೊಬೈಲಿನ ಮ್ಯಾಪ್ ತೋರಿಸಿದ ಅಂಕಿಯನ್ನೇ ಬರೆದುಕೊಂಡು ಬಿಡುತ್ತಾರೆ. ಪಂಚ್ ಮಾಡಿ ಗೇಟು ದಾಟುವುದಕ್ಕೆ ಹಿಡಿಯುವ ಎಂಟು ನಿಮಿಷ, ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ನಡೆಯುವ ಜನಜಂಗುಳಿಯ ಹೊತ್ತು, ತುಂಬಿ ಬಂದದ್ದರಿಂದ ಬಿಟ್ಟುಕೊಟ್ಟ ಒಂದು ರೈಲು, ವಿಜಯನಗರ ನಿಲ್ದಾಣದಿಂದ ಡೇ ಕೇರ್‌ವರೆಗಿನ ನಡಿಗೆ, ಇವೆಲ್ಲ ಸೇರಿ 55 ನಿಮಿಷವಾಯಿತು. ಅಂದರೆ ಹೊಸ ವೇಳೆಯಲ್ಲಿ ಅವರು ಡೇ ಕೇರ್ ಬಾಗಿಲಿಗೆ ತಲುಪುವುದು 7.55ಕ್ಕೆ. ಮೊದಲ ವಾರ ಅವರು ಹೋದಾಗಲೆಲ್ಲ ಒಳಗಿನ ದೀಪ ಆರಿರುತ್ತಿತ್ತು. ಆಯಾ ಮಗುವಿಗೆ ಚಪ್ಪಲಿ ಹಾಕಿಸಿ, ನೀರಿನ ಬಾಟಲಿಯನ್ನು ಕೊರಳಿಗೆ ತೂಗಿಸಿ, ಹೊರಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡಿರುತ್ತಿದ್ದರು.

ಆಮೇಲೆ ದಿನವಾರು ಬರೆದೆವು. ಡೇ ಕೇರ್ 8.30ಕ್ಕೆ ತೆರೆಯುವುದರಿಂದ ಬೆಳಗಿನ ಹೊತ್ತಿಗೆ ತೊಂದರೆಯೇ ಇರಲಿಲ್ಲ. ಮಂಗಳವಾರ, ಗುರುವಾರ ಗಂಡನಿಗೆ ಬೆಳಗಿನ ಪಾಳಿ. ಅವರು ಸಂಜೆ ಐದಕ್ಕೆಲ್ಲ ಮನೆಯಲ್ಲಿರುತ್ತಿದ್ದರು. ಐದು ದಿನದ "ತುಂಬಾ ಕಷ್ಟ" ಹಾಳೆಯ ಮೇಲೆ ಮೂರು ದಿನದ 55 ನಿಮಿಷಕ್ಕೆ ಇಳಿಯಿತು. ಇಷ್ಟು ಚಿಕ್ಕದಾದ ಮೇಲೆ ಅದನ್ನು ಕೇಳಲು ಅವರಿಗೂ ಧೈರ್ಯ ಬಂತು.

ಈ ಹಂತದಲ್ಲಿ ಅಡ್ಡದಾರಿಗಳು ಕಣ್ಣಿಗೆ ಬೀಳುತ್ತವೆ. ಊರಿನಿಂದ ಅತ್ತೆಯನ್ನು ಕರೆಸುವುದು ಎರಡು ವಾರದ ಉಪಾಯ, ಅದನ್ನು ವ್ಯವಸ್ಥೆ ಎಂದು ಹಾಳೆಯಲ್ಲಿ ಬರೆಯಬೇಡಿ. ಗಂಟೆ ಲೆಕ್ಕದಲ್ಲಿ ಆಳು ಕಳಿಸುವ ಆ್ಯಪ್‌ಗಳಿಂದ ವಾರಕ್ಕೊಬ್ಬ ಹೊಸ ಮುಖ ಬರುತ್ತದೆ. ಎರಡು ವರ್ಷದ ಮಗುವನ್ನು ಹಾಗೆ ಒಪ್ಪಿಸುವುದನ್ನು ನಾನು ಯಾರಿಗೂ ಹೇಳಲಾರೆ. ಇನ್ನು ಡೇ ಕೇರ್‌ನ ಸಿಸಿಟಿವಿಯನ್ನು ಮೊಬೈಲಿನಲ್ಲಿ ತೋರಿಸುವ ಆ್ಯಪ್‌ಗೆ ತಿಂಗಳು ತಿಂಗಳು ಹಣ ಕಟ್ಟುವವರಿದ್ದಾರೆ. ಮಗು ಕಾಯುತ್ತಿರುವುದನ್ನು ಅದರಲ್ಲಿ ಕೂತಲ್ಲಿಂದಲೇ ನೋಡಬಹುದು, ಅಷ್ಟೇ. ಅದೇ ಹಣವನ್ನು ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳುವುದಕ್ಕಾಗಿ ಡೇ ಕೇರ್‌ಗೇ ಕೊಡಿ.

4. ಒಂದು ಪುಟದ ಪತ್ರ

ಇಡೀ ಕೆಲಸದ ನಾಜೂಕಾದ ಭಾಗ ಇದು, ಜನ ಅತಿ ಹೆಚ್ಚು ಕೆಡಿಸುವ ಭಾಗವೂ ಇದೇ. ಪತ್ರದಲ್ಲಿ ನಾಲ್ಕೇ ಸಂಗತಿಗಳಿರಬೇಕು: ಯಾವ ಆದೇಶ, ಎಲ್ಲಿ ಎಷ್ಟು ನಿಮಿಷ ತಾಕುತ್ತದೆ, ನೀವು ಕೇಳುತ್ತಿರುವುದು ಏನು ಮತ್ತು ಎಲ್ಲಿಯವರೆಗೆ, ಸಂಸ್ಥೆಯ ಕೆಲಸ ಹೇಗೆ ನಡೆಯುತ್ತದೆ. ಆ ಸಹೋದ್ಯೋಗಿಯ ಪತ್ರದ ಒಡಲು ಹೀಗಿತ್ತು:

"ಹೊಸ ವೇಳೆಯ ಪ್ರಕಾರ ನಾನು 7 ಗಂಟೆಗೆ ಹೊರಟರೆ ಡೇ ಕೇರ್ ತಲುಪುವುದು 7.55ಕ್ಕೆ, ಅದು 7 ಗಂಟೆಗೆ ಮುಚ್ಚುತ್ತದೆ. ಮಂಗಳವಾರ ಮತ್ತು ಗುರುವಾರ ಮನೆಯಲ್ಲಿ ಬೇರೆ ವ್ಯವಸ್ಥೆ ಇರುವುದರಿಂದ ಹೊಸ ವೇಳೆಗೇ ಬರುತ್ತೇನೆ. ಸೋಮವಾರ, ಬುಧವಾರ ಮತ್ತು ಶುಕ್ರವಾರ ಹಿಂದಿನಂತೆ 9ರಿಂದ 5.30ರವರೆಗೆ ಕೆಲಸ ಮಾಡಲು, ಮಗು ಶಾಲೆಗೆ ಸೇರುವ ಜೂನ್ ತಿಂಗಳವರೆಗೆ ಅನುಮತಿ ಕೋರುತ್ತೇನೆ. ಈ ಮೂರು ದಿನಗಳ ಸಂಜೆ 6 ಗಂಟೆಯ ಗ್ರಾಹಕರ ಕರೆಗೆ ಬೇಕಾದ ಬಾಕಿ ಪಟ್ಟಿಯನ್ನು 5 ಗಂಟೆಯೊಳಗೆ ಕಳಿಸುತ್ತೇನೆ. ಕರೆಯಲ್ಲಿ ಬಂದ ಪ್ರಶ್ನೆಗಳಿಗೆ ಮುಂದಿನ ಕೆಲಸದ ದಿನ ಮಧ್ಯಾಹ್ನದೊಳಗೆ ಉತ್ತರ ಸಿದ್ಧವಿರುತ್ತದೆ. ಆರು ವಾರ ಪ್ರಯೋಗವಾಗಿ ನೋಡಿ ತೀರ್ಮಾನಿಸಬಹುದು."

ಕರೆಯ ಕುರಿತ ಎರಡು ವಾಕ್ಯಗಳು ಬರಲು ಸಾಧ್ಯವಾದದ್ದು ಮೊದಲ ದಿನ "ಯಾವ ಕೆಲಸಕ್ಕೆ" ಎಂದು ಕೇಳಿದ್ದರಿಂದ. ವೇಳೆ ಬದಲಾದದ್ದು ಸಂಜೆ ಆರರ ಒಂದು ಕರೆಗಾಗಿ, ಆ ಕರೆಯಲ್ಲಿ ಅವರು ಕೂರಬೇಕೆಂದೇನೂ ಇರಲಿಲ್ಲ, ಅವರ ಪಟ್ಟಿ ಮುಂದಿದ್ದರೆ ಸಾಕಿತ್ತು. "ಜೂನ್‌ವರೆಗೆ" ಎಂಬ ಪದವೂ ಬೆಲೆಯುಳ್ಳದ್ದು. ಮೇಲಧಿಕಾರಿಗಳು ಹೆದರುವುದು ಮೂರು ದಿನದ ಸಡಿಲಿಕೆಗಿಂತ ಅದು ಎಂದೂ ಮುಗಿಯದೇ ಹೋಗಬಹುದು ಎಂಬುದಕ್ಕೆ.

ಬರೆಯಬಾರದ ಸಂಗತಿಗಳ ಪಟ್ಟಿ ಇದಕ್ಕಿಂತ ಉದ್ದವಾಗಿದೆ. "ತಾವು ದೊಡ್ಡ ಮನಸ್ಸು ಮಾಡಿ" ಎಂಬ ಸಾಲನ್ನು ಹೊಡೆದುಹಾಕಿ. ಅದು ವ್ಯವಹಾರದ ಕೋರಿಕೆಯನ್ನು ಭಿಕ್ಷೆಯಾಗಿಸುತ್ತದೆ. ಮಗುವಿನ ನೆಗಡಿ, ಜ್ವರಗಳ ಚರಿತ್ರೆ, ಅತ್ತೆಯ ಮಂಡಿನೋವು ಬೇಡ. "ಅವರಿಗೆ ಕೊಟ್ಟಿದ್ದೀರಿ, ನನಗೇಕಿಲ್ಲ" ಎಂದು ಬರೆದರೆ ಅವರದೂ ಹೋಗುತ್ತದೆ, ನಿಮ್ಮದೂ ಸಿಗುವುದಿಲ್ಲ. ರಾಜೀನಾಮೆಯ ಬೆದರಿಕೆಯನ್ನು ಹಾಕಲೇಬೇಡಿ, ಅದನ್ನು ಸ್ವೀಕರಿಸಿಬಿಟ್ಟ ಎರಡು ಪ್ರಕರಣಗಳನ್ನು ನಾನೇ ಕಡತಕ್ಕೆ ಸೇರಿಸಿದ್ದೇನೆ. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತರುವ ಯೋಚನೆಯಿದ್ದರೆ ಬಿಟ್ಟುಬಿಡಿ. ಸಿಕ್ಕಿಬಿದ್ದ ಮೇಲೆ ನಿಜವಾದ ಕಾರಣವನ್ನೂ ಯಾರೂ ನಂಬುವುದಿಲ್ಲ. ಅಂತರಜಾಲದಿಂದ ಇಳಿಸಿಕೊಂಡ ಮಾದರಿ ಪತ್ರಗಳು ಐದು ಸಾಲು ಪೀಠಿಕೆಯಲ್ಲೇ ಕಳೆಯುತ್ತವೆ, ನಿಮಿಷಗಳ ಮಾತೇ ಅವುಗಳಲ್ಲಿ ಇರುವುದಿಲ್ಲ. ಪತ್ರ ಕನ್ನಡದಲ್ಲಿದ್ದರೂ ನಡೆಯುತ್ತದೆ. ಬಾರದ ಇಂಗ್ಲಿಷಿನಲ್ಲಿ ತಡಕಾಡುವುದಕ್ಕಿಂತ ಮೇಲು.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಮೇಲ್ ಮಾಡಿ, ಇಲ್ಲವೇ ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.

5. ಮಾತುಕತೆ

ಪತ್ರ ಸರಿಯಾಗಿದ್ದರೆ ಇದು ಹತ್ತು ನಿಮಿಷದ ಕೆಲಸ. ತಿಂಗಳ ಕೊನೆಯ ವಾರ, ಸರಕು ಹೊರಡುವ ದಿನ ಬಿಟ್ಟು ಬೇರೆ ದಿನ ಕೇಳಿ. ಮೂರು ದಿನ ಕೇಳಿ ಎರಡು ಸಿಕ್ಕರೆ ಒಪ್ಪಿಕೊಂಡು, ಉಳಿದ ಒಂದು ದಿನಕ್ಕೆ ಡೇ ಕೇರ್‌ಗೆ ಹೆಚ್ಚುವರಿ ಹಣ ಕಟ್ಟಿ.

6. ಕಾನೂನು

ಇದನ್ನು ತಿಳಿದಿರಬೇಕು, ಆದರೆ ಮೊದಲ ಪತ್ರದಲ್ಲಿ ಎತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸದ ವೇಳೆ ಹಾಗೂ ವಿರಾಮವನ್ನು ಬದಲಾಯಿಸುವ ಮುನ್ನ ಕಾರ್ಮಿಕರಿಗೆ ನೋಟಿಸ್ ಕೊಟ್ಟು 21 ದಿನ ಕಾಯಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂ ಕೂಡ ಅಷ್ಟೇ ದಿನಗಳನ್ನು ಇಟ್ಟಿದೆ. ಇದು ವ್ಯವಸ್ಥಾಪಕ ಹುದ್ದೆಯವರಿಗೆ ಅನ್ವಯಿಸುವುದಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂಬ ನಿಯಮವು 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿಯಲ್ಲಿ ಸೇರಿ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ಎರಡು ವಿರಾಮಗಳೂ ಉಂಟು. ಮಹಿಳೆಯರನ್ನು ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ಕ್ಕಿಂತ ಮುಂಚೆ ದುಡಿಸಲು ಅವರ ಒಪ್ಪಿಗೆ ಬೇಕು.

ಕೋರಿಕೆಗೆ ಲಿಖಿತ ನಿರಾಕರಣೆ ಬಂದರೆ, ಅಥವಾ ಎರಡು ವಾರ ಉತ್ತರವೇ ಬಾರದಿದ್ದರೆ, ಎರಡನೆಯ ಪತ್ರದಲ್ಲಿ ನಿಮಗೆ ಹೊಂದುವ ಒಂದೇ ಒಂದು ನಿಯಮವನ್ನು ಉಲ್ಲೇಖಿಸಿ. ಅದಕ್ಕೂ ಮೌನವಾದರೆ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ. ಬೆಂಗಳೂರಿನಲ್ಲಿ ಇಲಾಖೆಯ ಕಾರ್ಮಿಕ ಭವನ ಬನ್ನೇರುಘಟ್ಟ ರಸ್ತೆಯಲ್ಲಿದೆ. ಸ್ವೀಕೃತಿ ಸಹಿ ಬಿದ್ದ ಪ್ರತಿ ಕೈಯಲ್ಲಿಲ್ಲದೆ ಹೋಗಬೇಡಿ.

7. ಒಪ್ಪಿಗೆ ಸಿಕ್ಕ ಮೇಲೆ

ಒಪ್ಪಿದ ದಿನಗಳನ್ನೂ ಪ್ರಯೋಗ ಮುಗಿಯುವ ತಾರೀಖನ್ನೂ ಅದೇ ಸಂಜೆ ಮೂರು ಸಾಲಿನ ಮೇಲ್‌ನಲ್ಲಿ ಬರೆದು ಕಳಿಸಿ. ಮರುದಿನ ಡೇ ಕೇರ್‌ಗೆ ಹೋಗಿ ಯಾವ ದಿನ ಯಾರು ಎಷ್ಟು ಹೊತ್ತಿಗೆ ಮಗುವನ್ನು ಕರೆದೊಯ್ಯುತ್ತಾರೆ ಎಂಬುದನ್ನು ಬರೆದುಕೊಟ್ಟು, ಅವರ ಫೋಟೊವನ್ನೂ ಕೊಡಿ. ನನ್ನ ಸಹೋದ್ಯೋಗಿ ಇದೊಂದನ್ನು ಮರೆತಿದ್ದರು: ಮೊದಲ ಮಂಗಳವಾರ ಗಂಡ ಹೋಗಿ ನಿಂತಾಗ, ಹೊಸದಾಗಿ ಸೇರಿದ್ದ ಆಯಾ ಗೇಟು ತೆರೆಯದೆ ಇವರಿಗೆ ಫೋನ್ ಮಾಡಿದರು. ಆ ಹೊತ್ತಿಗೆ ಇವರು ಸಂಜೆ ಆರರ ಕರೆಯಲ್ಲಿದ್ದರು.