ಹಬ್ ಜಾರಿರಲಿಲ್ಲ: ಔಟ್‌ಬೋರ್ಡ್ ಪ್ರೊಪೆಲ್ಲರ್ ಸರಿಪಡಿಸಿದ ನನ್ನ ಅನುಭವ

ನನ್ನ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸಿದ ಔಟ್‌ಬೋರ್ಡ್ ಎಂಜಿನ್ನಿನ ಥ್ರಾಟಲನ್ನು ಒಮ್ಮೆಲೇ ಏರಿಸಿದರೆ ಅದು 5,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟಿ ಅರಚುತ್ತಿತ್ತು, ದೋಣಿ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ಇಳಿಸಿ ನಿಧಾನವಾಗಿ ಏರಿಸಿದರೆ ಪ್ರೊಪೆಲ್ಲರ್ ಮತ್ತೆ ನೀರು ಹಿಡಿಯುತ್ತಿತ್ತು. ನೋಡಿದವರೆಲ್ಲ ಹಬ್ಬಿನ, ಅಂದರೆ ಪ್ರೊಪೆಲ್ಲರಿನ ನಡುಭಾಗದ, ರಬ್ಬರ್ ಜಾರಿದೆ, ಹಾಗಾಗಿ ಎಂಜಿನ್ ತಿರುಗಿದಷ್ಟು ಬ್ಲೇಡುಗಳು ತಿರುಗುತ್ತಿಲ್ಲ ಎಂದರು. ಅವರ ಮಾತಿನಂತೆ ಹೊಸ ಬುಷ್ (ಆ ರಬ್ಬರಿನ ಭಾಗ) ಕೂರಿಸಿದ್ದಕ್ಕೆ ಹೊಸ ಅಲ್ಯೂಮಿನಿಯಂ ಪ್ರೊಪೆಲ್ಲರಿನ ಬೆಲೆಯ ಸುಮಾರು ಮೂರರಲ್ಲೊಂದು ಪಾಲು ಖರ್ಚಾಯಿತು. ತೊಂದರೆ ಹಾಗೆಯೇ ಉಳಿಯಿತು.

ಆಮೇಲೆ ಪಿಚ್, ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ, ಹೆಚ್ಚಾಯಿತೆಂಬ ವಾದ ಬಂತು. 13 ಇಂಚು ಪಿಚ್ಚಿನದನ್ನು ತೆಗೆದು ಎರವಲು ತಂದ 11 ಇಂಚಿನದನ್ನು ಹಾಕಿದಾಗ ಜಾರುವಿಕೆ ನಿಂತಿತಾದರೂ, ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಸುಮಾರು 400 ಆರ್‌ಪಿಎಂ ಹೆಚ್ಚು ಓಡಿ ತನ್ನ ಮಿತಿಯನ್ನೇ ದಾಟಿತು. ಉಳಿದವರಿಗೆ ಅಷ್ಟು ಸಾಕಾಯಿತು, ನನಗೆ ಸಾಕಾಗಲಿಲ್ಲ. ಏಕೆಂದರೆ ಇದೇ 13 ಇಂಚಿನ ಪ್ರೊಪೆಲ್ಲರ್ ಇದೇ ದೋಣಿಯನ್ನು ಹಿಂದೆ ಗಂಟೆಗೆ 46 ಕಿ.ಮೀ. ವೇಗದಲ್ಲಿ ಓಡಿಸಿತ್ತು. ಗೇರ್ ಅನುಪಾತ 2:1 (ಎಂಜಿನ್ನಿನ ಎರಡು ಸುತ್ತಿಗೆ ಪ್ರೊಪೆಲ್ಲರಿನದು ಒಂದು) ಇರುವಾಗ 5,500ರಲ್ಲಿ ಲೆಕ್ಕದ ವೇಗ ಸುಮಾರು 54 ಕಿ.ಮೀ., ಅಂದರೆ ಸ್ಲಿಪ್ (ಲೆಕ್ಕದ ವೇಗಕ್ಕಿಂತ ಕಡಿಮೆಯಾಗುವ ಪಾಲು) ಶೇ. 15ರ ಆಸುಪಾಸು. ಈಗ ಅದೇ ಆರ್‌ಪಿಎಂನಲ್ಲಿ ಜಿಪಿಎಸ್ 35ನ್ನೂ ತೋರಿಸುತ್ತಿರಲಿಲ್ಲ.

ಹಳೆಯ ಪ್ರೊಪೆಲ್ಲರನ್ನೇ ಮತ್ತೆ ಹಾಕಿ, ಒಳಹಬ್ಬಿನಿಂದ ಹೊರಕವಚದವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು ಪೂರ್ತಿ ಭಾರದಲ್ಲಿ ಓಡಿಸಿದೆ. ಗೆರೆ ಕೂದಲೆಳೆಯಷ್ಟೂ ಸರಿಯಲಿಲ್ಲ, ಆದ್ದರಿಂದ ಹಬ್ ನಿರ್ದೋಷಿ. ಬ್ಲೇಡುಗಳಿಗೆ ಗಾಳಿ ಸೇರಿದರೂ ನೀರಿನ ಹಿಡಿತ ತಪ್ಪುತ್ತದೆ. ನೀರಿನ ಮೇಲಿನಿಂದ ಗಾಳಿ ಎಳೆಯುತ್ತಿರಬಹುದೆಂದು ಎಂಜಿನನ್ನು ಒಂದು ಬೋಲ್ಟ್ ರಂಧ್ರದಷ್ಟು, ಅಂದಾಜು 19 ಮಿ.ಮೀ., ಕೆಳಗಿಳಿಸಿದರೂ ನೀರಿನ ಎರಚಲು ಹೆಚ್ಚಿತೇ ಹೊರತು ಬೇರೇನೂ ಬದಲಾಗಲಿಲ್ಲ. ಈ ನಡುವೆ ಪ್ರೊಪೆಲ್ಲರಿನ ಮುಂದೆ ಶಾಫ್ಟಿನ ಮೇಲೆ ಕೂರುವ ಥ್ರಸ್ಟ್ ವಾಷರಿನ ಹಿಂದೆ ಸುತ್ತಿಕೊಂಡಿದ್ದ ಮೀನುಗಾಳದ ದಾರವೂ ಸಿಕ್ಕಿತು. ಗೇರ್ ಎಣ್ಣೆ ನೀರು ಸೇರಿ ಹಾಲಿನಂತೆ ಬೆಳ್ಳಗಾಗಿರದ ಕಾರಣ, ನೀರು ಒಳಗೆ ಬರದಂತೆ ತಡೆಯುವ ಸೀಲನ್ನು ದಾರ ಕೆಡಿಸಿಲ್ಲವೆಂದು ಮುಂದುವರಿದೆ.

ಗಾಳಿ ಮೇಲಿನಿಂದ ಬರದಿದ್ದರೆ ಉಳಿಯುವುದು ಹಬ್ಬಿನ ಮೂಲಕ ಹೊರಹೋಗುವ ಎಂಜಿನ್ನಿನ ಹೊಗೆ. ಪ್ರೊಪೆಲ್ಲರಿನ ಹಿಂತುದಿಯಲ್ಲಿ ಹೊರಕ್ಕೆ ಅರಳಿದ ಅಂಚಿನ ಮೂರನೇ ಒಂದು ಭಾಗ ಮರಳಿಗೆ ಉಜ್ಜಿ ಸವೆದುಹೋಗಿತ್ತು. ಆ ಅಂಚಿಲ್ಲದಿದ್ದರೆ ಹೊಗೆ ಹಿಂದಕ್ಕೆ ಹೋಗದೆ ಬ್ಲೇಡುಗಳತ್ತಲೇ ತಿರುಗುತ್ತದೆ. ಇಷ್ಟು ತೆಳುವಾದ ಅಂಚಿನಿಂದ ಏನಾದೀತು ಎಂದು ನಕ್ಕವರೇ ಹೆಚ್ಚು.

ಸವೆದ ಭಾಗಕ್ಕೆ ಅಲ್ಯೂಮಿನಿಯಂ ಬೆಸುಗೆ ಹಾಕಿಸಿ ಲೇತಿನಲ್ಲಿ ಆಕಾರ ಕೊಡಿಸಿದೆ. ಬುಷ್ಷಿಗೆ ಸುರಿದುದರ ಅರ್ಧದಷ್ಟೂ ಖರ್ಚಾಗಲಿಲ್ಲ. ಬೆಸುಗೆಯ ಶಾಖಕ್ಕೆ ಆ ಹೊಸ ರಬ್ಬರ್ ಕೆಡದಂತೆ ಕಾಪಾಡಿದ ಬಗೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈಗ ಥ್ರಾಟಲ್ ಹೇಗೆ ಎಳೆದರೂ ದೋಣಿ ಚಿಮ್ಮುತ್ತದೆ, ವೇಗ ಮತ್ತೆ 46ರ ಹತ್ತಿರ ಬಂದಿದೆ. 3,000 ಆರ್‌ಪಿಎಂ ಸುತ್ತಮುತ್ತ ಸಣ್ಣ ನಡುಕವೊಂದು ಉಳಿದಿದೆ. ಪೆನ್ಸಿಲ್ ತಾಗಿಸಿ ತಿರುಗಿಸಿದಾಗ ಬ್ಲೇಡುಗಳ ತುದಿಗಳು ಸರಿಸಮವಾಗಿದ್ದವು, ಹಾಗಾಗಿ ಅದು ಬೆಸುಗೆಯ ತೂಕದ್ದೇ ಇರಬೇಕು; ಅರದಲ್ಲಿ ಸ್ವಲ್ಪಸ್ವಲ್ಪವೇ ಉಜ್ಜಿ ತೂಕ ಸರಿದೂಗಿಸುತ್ತಿದ್ದೇನೆ.