ತಲಾ ಇಂಗಾಲದ ಲೆಕ್ಕ: ದೇಶ ದೇಶಗಳನ್ನು ಹೋಲಿಸುವುದು ಹೇಗೆ?

ಒಂದು ದೇಶ ವರ್ಷವಿಡೀ ಹೊರಸೂಸಿದ ಇಂಗಾಲದ ಡೈಆಕ್ಸೈಡನ್ನು ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಪ್ರಮಾಣ ಸಿಗುತ್ತದೆ. ಲೆಕ್ಕ ಇಷ್ಟೇ. ಆದರೂ ಮೇಲಿನ ಸಂಖ್ಯೆಯಲ್ಲಿ ಏನೇನು ಸೇರಿದೆ, ಕೆಳಗಿನದು ಎಷ್ಟು ಬೆಳೆದಿದೆ ಎಂದು ವಿಚಾರಿಸದೆ ಗ್ರಾಫ್‌ನ ಗೆರೆಗಳನ್ನು ಹೋಲಿಸಹೊರಟವರು ಎಡವುವುದೇ ಹೆಚ್ಚು.

ಮೊದಲು ಅಂಕಿಅಂಶ. ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್‌ನ ವಾರ್ಷಿಕ ಲೆಕ್ಕವನ್ನು ಅವರ್ ವರ್ಲ್ಡ್ ಇನ್ ಡೇಟಾ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಫೈಲು ತೆರೆದೊಡನೆ ಅಳತೆಯ ಮಾನ ನೋಡಿ. ಕೆಲವು ಹಳೆಯ ಪಟ್ಟಿಗಳಲ್ಲಿ ಬರೀ ಇಂಗಾಲದ ತೂಕ ಇರುತ್ತದೆ. ಅದನ್ನು ಡೈಆಕ್ಸೈಡಿನ ತೂಕಕ್ಕೆ ತರಲು 3.67ರಿಂದ ಗುಣಿಸಬೇಕು. ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಕಲ್ಲಿದ್ದಲು, ತೈಲ, ಅನಿಲ ಮತ್ತು ಸಿಮೆಂಟ್ ತಯಾರಿಕೆ ಇರುತ್ತವೆ. ಕಾಡು ಕಡಿದಾಗ ಹೊಮ್ಮುವುದನ್ನು ಬೇರೆ ಕಾಲಂನಲ್ಲಿ ಕೊಡುತ್ತಾರೆ. ಅದನ್ನು ಬಿಟ್ಟರೆ ಬ್ರೆಜಿಲ್ ಬಹಳ ಸಾಧುವಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ವಿಮಾನ, ಹಡಗುಗಳ ಹೊಗೆಯಂತೂ ಯಾವ ದೇಶದ ಖಾತೆಗೂ ಬೀಳುವುದಿಲ್ಲ.

ಇನ್ನು ದೇಶಗಳ ಆಯ್ಕೆ. ಇಪ್ಪತ್ತು ಗೆರೆ ಎಳೆದರೆ ಸಿಕ್ಕುಬಿದ್ದ ದಾರದುಂಡೆಯಾಗುತ್ತದೆ, ನಾಲ್ಕು ಸಾಕು. 1990 ಮತ್ತು 2022ರ ನಡುವೆ ಅಮೆರಿಕ ಸುಮಾರು 20 ಟನ್‌ನಿಂದ 15ಕ್ಕೆ, ಬ್ರಿಟನ್ 10ರಿಂದ 5ರ ಆಸುಪಾಸಿಗೆ ಇಳಿದಿವೆ. ಚೀನಾ 2ರಿಂದ 8ಕ್ಕೆ, ಭಾರತ 0.7ರಿಂದ 2ಕ್ಕೆ ಏರಿವೆ. ಜಗತ್ತಿನ ಸರಾಸರಿ ಐದು ಟನ್‌ಗಿಂತ ತುಸು ಕಡಿಮೆ. ಟನ್ ಎಂದರೆ ಕಣ್ಣಿಗೆ ಕಟ್ಟದಿದ್ದರೆ 365ರಿಂದ ಭಾಗಿಸಿ: ಅಮೆರಿಕದವರ ಪಾಲು ದಿನಕ್ಕೆ 41 ಕೆ.ಜಿ., ಭಾರತೀಯರದು ಐದೂವರೆ.

ಇದೇ ಅಂಕಿಗಳನ್ನು 1990 = 100 ಎಂಬ ಸೂಚ್ಯಂಕಕ್ಕೆ, ಅಂದರೆ ಪ್ರತಿ ದೇಶದ 1990ರ ಅಂಕಿಯನ್ನು 100 ಎಂದಿಟ್ಟು ಉಳಿದ ವರ್ಷಗಳನ್ನು ಅದಕ್ಕೆ ಹೋಲಿಸುವ ಲೆಕ್ಕಕ್ಕೆ, ಬದಲಾಯಿಸಿ ನೋಡಿ. ಭಾರತದ ಗೆರೆ 300ರ ಹತ್ತಿರಕ್ಕೆ ಜಿಗಿಯುತ್ತದೆ, ಅಮೆರಿಕದ್ದು 75ಕ್ಕೆ ಇಳಿಯುತ್ತದೆ. ನೋಡಿದವರಿಗೆ ತಪ್ಪಿತಸ್ಥ ಯಾರು ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ! ಆದರೆ ಟನ್ ಲೆಕ್ಕದಲ್ಲಿ ಭಾರತದ ಇಡೀ ಏರಿಕೆ 1.3, ಅಮೆರಿಕ ಇಳಿಸಿಕೊಂಡದ್ದೇ ಭಾರತೀಯರ ಈಗಿನ ಒಟ್ಟು ಪಾಲಿನ ಎರಡು ಪಟ್ಟಿಗಿಂತ ಹೆಚ್ಚು. ಸೂಚ್ಯಂಕ ವೇಗವನ್ನು ಹೇಳುತ್ತದೆ, ಗಾತ್ರವನ್ನು ಮುಚ್ಚಿಡುತ್ತದೆ. ಹಾಗಾಗಿ ಮೊದಲು ಟನ್‌ಗಳಲ್ಲೇ ಗ್ರಾಫ್ ಎಳೆಯಿರಿ.

ಗೆರೆ ಇಳಿದಿದ್ದರೆ ಒಟ್ಟು ಹೊರಸೂಸುವಿಕೆಯ ಕಾಲಂ ತೆರೆಯುವುದನ್ನು ಮಾತ್ರ ಮರೆಯಬಾರದು. 1990ರಲ್ಲಿ ಅಮೆರಿಕದ ಒಟ್ಟು ಪ್ರಮಾಣ ಸುಮಾರು 510 ಕೋಟಿ ಟನ್. 2022ರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಈ ನಡುವೆ ಜನಸಂಖ್ಯೆ 25 ಕೋಟಿಯಿಂದ 33 ಕೋಟಿಗೆ ಏರಿತು. ಅಂದರೆ ಹೊಗೆ ಅಷ್ಟೇ ಇದೆ, ಹಂಚಿಕೊಳ್ಳುವ ತಲೆಗಳು ಹೆಚ್ಚಿವೆ. ಬ್ರಿಟನ್ನಿನ ಕಥೆ ಬೇರೆ: ಅಲ್ಲಿ ಒಟ್ಟು ಪ್ರಮಾಣವೇ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ವಿದ್ಯುತ್ತಿಗೆ ಕಲ್ಲಿದ್ದಲು ಬಿಟ್ಟು ಮೊದಲು ಅನಿಲ, ಆಮೇಲೆ ಗಾಳಿಯತ್ತ ಹೊರಳಿದ್ದು ಇದಕ್ಕೆ ಮುಖ್ಯ ಕಾರಣ. ಅಲ್ಲಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು.

ಆರಂಭದ ವರ್ಷವೂ ಆಟ ಆಡಿಸುತ್ತದೆ. 1990ರಿಂದ ಎಣಿಸಿದರೆ ರಷ್ಯಾ ಇಳಿದಿದೆ. ಸೋವಿಯತ್ ಪತನದ ಬಳಿಕ ಕಾರ್ಖಾನೆಗಳು ಸೊರಗಿದ್ದ 1998ರಿಂದ ಎಣಿಸಿದರೆ ಏರಿದೆ. ಎರಡೂ ನಿಜ. ಕೋವಿಡ್‌ನ 2020ನ್ನು ಆರಂಭಕ್ಕೂ ಕೊನೆಗೂ ಇಟ್ಟುಕೊಳ್ಳಬೇಡಿ.

ಕಡೆಯದಾಗಿ, ಬಳಕೆ ಆಧಾರಿತ ಲೆಕ್ಕವನ್ನು ಅದೇ ಗ್ರಾಫ್‌ನಲ್ಲಿ ಚುಕ್ಕೆಗೆರೆಯಾಗಿ ಎಳೆಯಿರಿ. ಆಮದು ಸರಕಿನ ಹೊಗೆಯನ್ನು ಕೊಂಡವರಿಗೆ, ರಫ್ತು ಸರಕಿನದನ್ನು ಹೊರಗಿನವರಿಗೆ ಹಚ್ಚುವ ಲೆಕ್ಕ ಇದು. ಬ್ರಿಟನ್ನಿನ ಚುಕ್ಕೆಗೆರೆ ಅದರ ಮೊದಲ ಗೆರೆಗಿಂತ ಮೇಲೆ ಕೂರುತ್ತದೆ, ಚೀನಾದ್ದು ತುಸು ಕೆಳಗೆ. ಈ ಲೆಕ್ಕ ಸಿಗುವುದು 1990ರಿಂದ ಈಚೆಗೆ, ಅದೂ ಉಳಿದದ್ದಕ್ಕಿಂತ ತಡವಾಗಿ. ಚುಕ್ಕೆಗೆರೆ ಪಕ್ಕದ ಗೆರೆಗಿಂತ ಮೊದಲೇ ನಿಂತುಹೋದರೆ ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ.